ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು: ಸರಿಯಾಗಿ ಲೆಕ್ಕ ಹಾಕೋದು ಹೇಗೆ

ಮಕ್ಕಳು ಬೇ ಏರಿಯಾದಲ್ಲಿ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ ಊರುಗಳಲ್ಲಿ ಇದಾರೆ, ಅಪ್ಪ ಅಮ್ಮ ಮೊದಲನೇ ಸಲ ಹೊರಟಿದಾರೆ ಅಂದ್ರೆ ಮನೇಲಿ ಎಲ್ಲರೂ ಕೇಳೋದು ಒಂದೇ, ಎಷ್ಟು ಗಂಟೆ ಆಗತ್ತೆ ಅಂತ. ಒಬ್ಬರು ಹದಿನಾರು ಅಂತಾರೆ, ಇನ್ನೊಬ್ಬರು ಇಪ್ಪತ್ತೆರಡು ಅಂತಾರೆ, ಪಕ್ಕದ ಮನೆಯವರು ಎರಡು ದಿನ ಬೇಕು ಅಂತಾರೆ, ಟಿಕೆಟ್ ನೋಡಿದ್ರೆ ಮಧ್ಯಾಹ್ನ ಎರಡೂವರೆಗೆ ಹೊರಟು ಅದೇ ದಿನ ಸಂಜೆ ಐದಕ್ಕೆ ಇಳಿಯೋ ಹಾಗೂ ಕಾಣಬಹುದು. ಇವ್ರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ, ಒಬ್ಬೊಬ್ಬರು ಒಂದೊಂದನ್ನ ಅಳೀತಿದಾರೆ ಅಷ್ಟೇ. ವಿಮಾನ ಆಕಾಶದಲ್ಲಿ ಇರೋ ಹೊತ್ತು ಬೇರೆ, ಟಿಕೆಟ್ ಮೇಲಿನ ಒಟ್ಟು ಹೊತ್ತು ಬೇರೆ, ಮೈಸೂರಿನ ಮನೆ ಬಾಗಿಲಿಂದ ಅಲ್ಲಿನ ಸನ್ನಿವೇಲ್ ಊರಿನ ಮನೆ ಬಾಗಿಲವರೆಗಿನ ಹೊತ್ತು ಬೇರೆ. ಪ್ರಯಾಣ ಮಾಡೋರಿಗೆ ನಿಜವಾಗ್ಲೂ ಬೇಕಾಗಿರೋದು ಈ ಮೂರನೇದು, ಆದ್ರೆ ಅದನ್ನ ಯಾವ ವೆಬ್‌ಸೈಟೂ ಹೇಳಲ್ಲ, ನಾವೇ ಕೂತು ಹಾಕ್ಕೋಬೇಕು.

ಹಾಗಾಗಿ ಇಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಹಿಡ್ಕೊಂಡು ಮೊದಲಿಂದ ಕೊನೆವರೆಗೆ ಲೆಕ್ಕ ಮಾಡಿ ತೋರಿಸ್ತೀನಿ, ಇದೇ ರೀತೀಲಿ ನೀವು ಟೊರೊಂಟೋ, ಸಿಡ್ನಿ, ಡಲ್ಲಸ್ ಯಾವುದಕ್ಕೆ ಬೇಕಾದ್ರೂ ಮಾಡ್ಕೋಬಹುದು.

ಮೊದಲು ದೂರ

ದೂರ ಅಂದ್ರೆ ಭೂಮಿ ಉಂಡೆ ಮೇಲೆ ಎರಡು ಊರಿನ ನಡುವೆ ಇರೋ ಅತೀ ಚಿಕ್ಕ ದಾರಿ. ಗೋಡೆಗೆ ನೇತು ಹಾಕೋ ಮ್ಯಾಪ್ ನೋಡಿ ಅಂದಾಜು ಮಾಡೋಕೆ ಹೋಗ್ಬೇಡಿ, ಅದು ಚಪ್ಪಟೆ, ಅದರಲ್ಲಿ ಉತ್ತರದ ಕಡೆ ಎಲ್ಲ ಎಳೆದು ಹಿಗ್ಗಿಸಿಬಿಟ್ಟಿರತ್ತೆ. ಮನೇಲಿ ಮಕ್ಕಳ ಗ್ಲೋಬ್ ಇದ್ರೆ ಒಂದು ದಾರ ತಗೊಳ್ಳಿ. ಮೂವತ್ತು ಸೆಂಟಿಮೀಟರ್ ಅಗಲದ ಗ್ಲೋಬ್ ಆದ್ರೆ ಅದರ ಸುತ್ತಳತೆ ಸುಮಾರು 94 ಸೆಂಟಿಮೀಟರ್, ಭೂಮಿ ಸುತ್ತಳತೆ ಸುಮಾರು 40,000 ಕಿ.ಮೀ., ಅಂದ್ರೆ ದಾರದ ಒಂದು ಸೆಂಟಿಮೀಟರ್‌ಗೆ ಹತ್ರ ಹತ್ರ 425 ಕಿ.ಮೀ. ಒಂದು ತುದಿ ಬೆಂಗಳೂರಿನ ಮೇಲೆ ಬೆರಳಲ್ಲಿ ಒತ್ತಿ ಹಿಡ್ಕೊಂಡು ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋಗೆ ಇಟ್ಟು ಬಿಗಿಯಾಗಿ ಎಳೀರಿ, ಸಡಿಲ ಬಿಟ್ರೆ ಲೆಕ್ಕ ತಪ್ಪತ್ತೆ, ಬಿಗಿಯಾದಾಗ ದಾರ ತಾನಾಗೇ ಜಾರಿ ಉತ್ತರಕ್ಕೆ ಹೋಗಿ ನಿಲ್ಲತ್ತೆ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮದ ಅಂಚು, ಸೈಬೀರಿಯಾ, ಆರ್ಕ್ಟಿಕ್ ಸಮುದ್ರದ ದಂಡೆ, ಆಮೇಲೆ ಅಲಾಸ್ಕಾ, ಅಲ್ಲಿಂದ ಕೆನಡಾದ ಪಶ್ಚಿಮ ಕರಾವಳಿ ಪಕ್ಕದಲ್ಲೇ ಕೆಳಗಿಳಿದು ಕ್ಯಾಲಿಫೋರ್ನಿಯಾ. ಅಮೆರಿಕ ನಮಗೆ ಪಶ್ಚಿಮ ಅಂತ ಅಂದ್ಕೊಂಡಿರೋರಿಗೆ ಇದನ್ನ ಕಣ್ಣಾರೆ ನೋಡೋ ತನಕ ನಂಬಿಕೆ ಬರಲ್ಲ. ದಾರ ತೆಗೆದು ಸ್ಕೇಲ್ ಮೇಲೆ ಇಟ್ರೆ ಸುಮಾರು 33 ಸೆಂಟಿಮೀಟರ್ ಬರತ್ತೆ, 33 ಗುಣಿಸು 425 ಅಂದ್ರೆ 14,000 ಕಿ.ಮೀ. ಆಯ್ತು.

ಇನ್ನೂ ಕರಾರುವಾಕ್ಕಾಗಿ ಬೇಕು ಅಂದ್ರೆ ಫೋನಿನ ಕ್ಯಾಲ್ಕ್ಯುಲೇಟರ್ ಸಾಕು, ಅಡ್ಡ ಹಿಡಿದ್ರೆ ಸೈನ್, ಕಾಸ್ ಬಟನ್‌ಗಳು ಬರ್ತವೆ, ಡಿಗ್ರಿ ಮೋಡ್‌ನಲ್ಲಿದೆಯಾ ಅಂತ ಮಾತ್ರ ಮೊದಲೇ ನೋಡ್ಕೊಳ್ಳಿ. ದೇವನಹಳ್ಳಿಯ ಕೆಂಪೇಗೌಡ ಏರ್‌ಪೋರ್ಟ್ ಇರೋದು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್ ಇರೋದು 37.62 ಉತ್ತರ, 122.4 ಪಶ್ಚಿಮ. ಒಂದು ಪೂರ್ವ ಒಂದು ಪಶ್ಚಿಮ ಆದ್ದರಿಂದ ರೇಖಾಂಶ ಎರಡನ್ನೂ ಕೂಡಿಸ್ಬೇಕು, 200.1 ಬರತ್ತೆ, 180 ದಾಟಿದ್ರೆ 360ರಿಂದ ಕಳೀಬೇಕು, 159.9. ಈಗ ಎರಡು ಅಕ್ಷಾಂಶಗಳ ಸೈನ್ ಗುಣಿಸಿ, 0.2284 ಗುಣಿಸು 0.6104, ಬರೋದು 0.1394. ಆಮೇಲೆ ಎರಡು ಅಕ್ಷಾಂಶಗಳ ಕಾಸ್ ಮತ್ತು ಆ 159.9ರ ಕಾಸ್ ಮೂರನ್ನೂ ಗುಣಿಸಿ, 0.9736 ಗುಣಿಸು 0.7921 ಗುಣಿಸು ಮೈನಸ್ 0.9391, ಬರೋದು ಮೈನಸ್ 0.7242. ಎರಡನ್ನೂ ಕೂಡಿಸಿದ್ರೆ ಮೈನಸ್ 0.5848. ಇದಕ್ಕೆ ಕಾಸ್ ಇನ್ವರ್ಸ್ ಒತ್ತಿದ್ರೆ 125.8 ಡಿಗ್ರಿ. ಭೂಮಿ ಮೇಲೆ ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ., ಗುಣಿಸಿದ್ರೆ 13,989. ಪಿಯುಸಿ ತ್ರಿಕೋನಮಿತಿ ಇಷ್ಟು ಕೆಲ್ಸಕ್ಕೆ ಬರತ್ತೆ ಅಂತ ಮಕ್ಕಳಿಗೂ ತೋರಿಸಿ, ಖುಷಿ ಪಡ್ತಾರೆ.

ಇದೇ ದೂರ ಒಂದು ಕಡೆ 8,700 ಮೈಲಿ, ಇನ್ನೊಂದು ಕಡೆ 7,550 ಮೈಲಿ ಅಂತ ಇದ್ರೆ ಗಾಬರಿ ಬೇಡ, ಮೊದಲನೇದು ಸಾಮಾನ್ಯ ಮೈಲಿ, ಎರಡನೇದು ಪೈಲಟ್‌ಗಳು ಬಳಸೋ ನಾಟಿಕಲ್ ಮೈಲಿ, ಅದು 1.852 ಕಿ.ಮೀ. ಉದ್ದ. ಎರಡೂ ಅದೇ ಹದಿನಾಲ್ಕು ಸಾವಿರ ಕಿಲೋಮೀಟರೇ.

ವಿಮಾನ ಆ ಗೆರೆ ಮೇಲೆ ಯಾಕೆ ಹೋಗಲ್ಲ

ಈ 14,000 ಅನ್ನೋದು ಕಮ್ಮಿ ಅಂದ್ರೆ ಇಷ್ಟು, ನಿಜವಾಗಿ ಹಾರೋದು ಇದಕ್ಕಿಂತ ಜಾಸ್ತೀನೇ. ದಾರ ಟಿಬೆಟ್ ಮೇಲೆ ಹೋಯ್ತಲ್ಲ, ಅಲ್ಲಿ ನೆಲವೇ ನಾಲ್ಕು ಸಾವಿರ ಮೀಟರ್‌ಗಿಂತ ಎತ್ತರ. ವಿಮಾನದೊಳಗೆ ಗಾಳಿ ಒತ್ತಡ ಏನಾದ್ರೂ ಕಮ್ಮಿಯಾದ್ರೆ ಪೈಲಟ್ ಬೇಗ ಹತ್ತು ಸಾವಿರ ಅಡಿಗೆ, ಅಂದ್ರೆ ಮೂರು ಸಾವಿರ ಮೀಟರ್‌ಗೆ ಇಳಿಸ್ಬೇಕು, ಪ್ರಯಾಣಿಕರು ಉಸಿರಾಡೋಕೆ ಅದೇ ಎತ್ತರ ಬೇಕು, ಆದ್ರೆ ಅಲ್ಲಿ ಆ ಎತ್ತರದಲ್ಲಿ ಇರೋದು ಬೆಟ್ಟ. ಅದಕ್ಕೇ ಆದಷ್ಟು ಅದನ್ನ ಬಳಸಿ ಹೋಗ್ತಾರೆ. ಇದರ ಜೊತೆಗೆ ಆಕಾಶಕ್ಕೂ ಗಡಿ ಇದೆ. 2022ರಿಂದ ರಷ್ಯಾ ಆಕಾಶದಲ್ಲಿ ಅಮೆರಿಕ, ಯೂರೋಪಿನ ಕಂಪನಿಗಳು ಹಾರೋಕೆ ಆಗ್ತಿಲ್ಲ, 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಎರಡನೇದರ ಬಿಸಿ ಡೆಲ್ಲಿ ವಿಮಾನಗಳಿಗೆ ತಟ್ಟಿದಷ್ಟು ಬೆಂಗಳೂರಿಗೆ ತಟ್ಟಲಿಲ್ಲ, ಇಲ್ಲಿಂದ ಪಶ್ಚಿಮಕ್ಕೆ ಹೋಗೋ ವಿಮಾನಗಳು ಬಹುಪಾಲು ಅರಬ್ಬೀ ಸಮುದ್ರದ ಮೇಲಿಂದ ಹೋಗ್ತವಲ್ಲ. ಆದ್ರೆ ಒಂದೇ ಊರಿಂದ ಒಂದೇ ಊರಿಗೆ ಎರಡು ಕಂಪನಿಗಳ ಹೊತ್ತಿನಲ್ಲಿ ವ್ಯತ್ಯಾಸ ಕಂಡ್ರೆ ಇಂಥ ಕಾರಣಗಳೂ ಇರ್ತವೆ ಅಂತ ತಿಳ್ಕೊಂಡಿರಿ.

ಎಲ್ಲಕ್ಕಿಂತ ದೊಡ್ಡದು ಗಾಳಿ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅಂತ ಜೋರು ಗಾಳಿ ಹರಿಯತ್ತೆ, ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟೋದು ಅಪರೂಪ ಅಲ್ಲ. ಹೊಳೇಲಿ ದೋಣಿ ಹೋದ ಹಾಗೆ, ಹರಿವಿನ ಜೊತೆ ಹೋದ್ರೆ ಬೇಗ, ಎದುರು ಹೋದ್ರೆ ತಡ. ಬೆಂಗಳೂರಿಂದ ಹೊರಟ ವಿಮಾನ ಜಪಾನ್ ಕಡೆಯಿಂದ ಪೆಸಿಫಿಕ್ ದಾಟೋ ದಾರಿ ಹಿಡಿದ್ರೆ ಕಿಲೋಮೀಟರ್ ಜಾಸ್ತಿ ಆದ್ರೂ ಹಿಂದಿಂದ ಗಾಳಿ ತಳ್ಳೋದ್ರಿಂದ ಗಂಟೆ ಉಳಿಯತ್ತೆ. ವಾಪಸ್ ಬರುವಾಗ ಅದೇ ದಾರಿ ಬಂದ್ರೆ ಅದೇ ಗಾಳಿ ಎದುರು ನಿಲ್ಲತ್ತೆ.

ಇದಕ್ಕೆ ಚೆನ್ನಾಗಿರೋ ಉದಾಹರಣೆ 2021ರ ಜನವರಿಯ ಏರ್ ಇಂಡಿಯಾ ವಿಮಾನ. ಸ್ಯಾನ್ ಫ್ರಾನ್ಸಿಸ್ಕೋಯಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಅದು, ಬೋಯಿಂಗ್ 777-200ಎಲ್‌ಆರ್, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದ ಎಲ್ಲರೂ ಮಹಿಳೆಯರೇ. ಅವರು ಉತ್ತರ ಧ್ರುವದ ಮೇಲಿನ ದಾರಿ ಹಿಡಿದು ಬಂದ್ರು, ಹಾರಿದ್ದು ಸುಮಾರು 16,000 ಕಿ.ಮೀ. ಲೆಕ್ಕದ ಗೆರೆಗಿಂತ ಎರಡು ಸಾವಿರ ಕಿಲೋಮೀಟರ್ ಜಾಸ್ತಿ! ಧ್ರುವದ ದಾರಿಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು, ಅಲ್ಲಿನ ಚಳಿಗೆ ರೆಕ್ಕೆಯೊಳಗಿನ ಇಂಧನದ ಉಷ್ಣಾಂಶ ಇಳೀತಾ ಹೋಗತ್ತೆ, ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಗೆ ಗಟ್ಟಿಯಾಗೋಕೆ ಶುರು ಆಗತ್ತೆ, ಹಾಗಾಗಿ ಪೈಲಟ್‌ಗಳು ಆ ಮೀಟರ್ ಮೇಲೆ ಕಣ್ಣಿಟ್ಟಿರ್ತಾರೆ, ತೀರಾ ಇಳಿದ್ರೆ ಎತ್ತರ ಅಥವಾ ವೇಗ ಬದಲಾಯಿಸ್ತಾರೆ. ದೇವನಹಳ್ಳೀಲಿ ಆ ವಿಮಾನ ಇಳಿದಾಗ ಅಷ್ಟು ಜನ ಕಾದು ನಿಂತು ಚಪ್ಪಾಳೆ ಹೊಡೆದದ್ದು ಸುಮ್ಮನೆ ಅಲ್ಲ.

ಕಿಲೋಮೀಟರ್ ಗೊತ್ತಾದ ಮೇಲೆ ಗಂಟೆ

ದೊಡ್ಡ ಜೆಟ್ ವಿಮಾನ ಮೇಲೆ ಹೋದ್ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿರತ್ತೆ, ಆದ್ರೆ ಹಾಗೇ ಭಾಗಿಸಿದ್ರೆ ಸರಿ ಬರಲ್ಲ, ಯಾಕಂದ್ರೆ ರನ್‌ವೇಗೆ ಹೋಗೋದು, ಸರದಿ ಕಾಯೋದು, ಹತ್ತೋದು, ಇಳಿಯೋದು, ಸ್ವಲ್ಪ ಸುತ್ತೋದು ಎಲ್ಲ ಸೇರತ್ತೆ. ನಾನು ಬಳಸೋ ಸೂತ್ರ ಸುಲಭ: ದೂರವನ್ನ 850ರಿಂದ ಭಾಗಿಸಿ, ಮುಕ್ಕಾಲು ಗಂಟೆ ಸೇರಿಸಿ. ಬೆಂಗಳೂರು–ದುಬೈ 2,700 ಕಿ.ಮೀ., ಹತ್ರ ಹತ್ರ ನಾಲ್ಕು ಗಂಟೆ ಬರತ್ತೆ. ಬೆಂಗಳೂರು–ಸಿಂಗಾಪುರ 3,180, ನಾಲ್ಕೂವರೆ. ದುಬೈ–ಸ್ಯಾನ್ ಫ್ರಾನ್ಸಿಸ್ಕೋ 13,020, ಹದಿನಾರು ಗಂಟೆ. ಟೈಮ್‌ಟೇಬಲ್ ಜೊತೆ ಹೋಲಿಸಿ ನೋಡಿ, ಕಾಲು ಅರ್ಧ ಗಂಟೆ ಆಚೆ ಈಚೆ ಅಷ್ಟೇ.

ನಮ್ಮ ನೇರ ದಾರಿಗೆ ಹಾಕಿದ್ರೆ 14,000 ಭಾಗಿಸು 850, ಸುಮಾರು ಹದಿನಾರೂವರೆ, ಅದಕ್ಕೆ ಮುಕ್ಕಾಲು, ಒಟ್ಟು ಹದಿನೇಳು ಕಾಲು ಗಂಟೆ. ಇದು ಗಾಳಿ ಇಲ್ಲದ ಲೆಕ್ಕ, ಹೋಗುವಾಗ ಒಂದು ಗಂಟೆ ಕಮ್ಮಿ, ಬರುವಾಗ ಅರ್ಧ ಗಂಟೆ ಜಾಸ್ತಿ ಅಂತ ಇಟ್ಕೊಳ್ಳಿ. ಇದು ಎಷ್ಟು ಸರಿ ಇದೆ ಅಂತ ಈಗಲೇ ಟಿಕೆಟ್ ಟೈಮ್ ಇಟ್ಕೊಂಡು ಪರೀಕ್ಷೆ ಮಾಡೋಣ.

ಟಿಕೆಟ್ ಮೇಲಿನ ಗಡಿಯಾರ

ಟಿಕೆಟ್‌ನಲ್ಲಿ ಬರೆಯೋ ಟೈಮ್ ಎಲ್ಲ ಆಯಾ ಊರಿನ ಟೈಮ್. ಇದು ಗೊತ್ತಿದ್ರೂ ಲೆಕ್ಕ ಹಾಕುವಾಗ ಎಲ್ಲರೂ ತಡವರಿಸ್ತಾರೆ. ನಮ್ಮ ಟೈಮ್ ವರ್ಷವಿಡೀ ಒಂದೇ, ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಹಾಗಾಗಿ ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೇಲಿ ಹನ್ನೆರಡೂವರೆ ಗಂಟೆ ಹಿಂದೆ.

ಲೆಕ್ಕ ಹಾಕೋ ಕ್ರಮ ಹೀಗೆ. ಇಲ್ಲಿಂದ ಹೋಗುವಾಗ ಟಿಕೆಟ್‌ನಲ್ಲಿ ಕಾಣೋ ವ್ಯತ್ಯಾಸಕ್ಕೆ ಹದಿಮೂರೂವರೆ ಕೂಡಿಸಿ, ಅಲ್ಲಿಂದ ಬರುವಾಗ ಕಳೀರಿ, ಬೇಸಿಗೆ ಆದ್ರೆ ಹನ್ನೆರಡೂವರೆ. 2021ರ ಆ ನೇರ ವಿಮಾನದ ಟೈಮ್ ಹೀಗಿತ್ತು: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನವರಿ 9ರ ರಾತ್ರಿ 8:30ಕ್ಕೆ ಹೊರಡೋದು, ಬೆಂಗಳೂರಲ್ಲಿ ಜನವರಿ 11ರ ಬೆಳಗಿನ ಜಾವ 3:45ಕ್ಕೆ ಇಳಿಯೋದು. ಗಡಿಯಾರದಲ್ಲಿ 31 ಗಂಟೆ 15 ನಿಮಿಷ ಕಾಣತ್ತೆ, ಹದಿಮೂರೂವರೆ ಕಳೆದ್ರೆ 17 ಗಂಟೆ 45 ನಿಮಿಷ. ಜನವರಿ 10 ಎಲ್ಲಿ ಹೋಯ್ತು ಅಂತ ಕೇಳಿದ್ರೆ ಅದರಲ್ಲಿ ಒಂದಿಷ್ಟು ಆಕಾಶದಲ್ಲಿ, ಉಳಿದದ್ದು ಗಡಿಯಾರದ ಅಂತರದಲ್ಲಿ ಕಳೆದುಹೋಯ್ತು. ಅದೇ ದಿನ ಬೆಂಗಳೂರಿಂದ ಹೊರಡೋ ವಿಮಾನ 11ರ ಮಧ್ಯಾಹ್ನ 2:30ಕ್ಕೆ ಹೊರಟು ಅಲ್ಲಿ 11ರ ಸಂಜೆ 5ಕ್ಕೆ ಇಳಿಯೋದಿತ್ತು. ಕಾಣೋದು ಎರಡೂವರೆ ಗಂಟೆ, ಹದಿಮೂರೂವರೆ ಕೂಡಿಸಿದ್ರೆ 16 ಗಂಟೆ. ನಮ್ಮ ಸೂತ್ರ ಕೊಟ್ಟ ಹದಿನೇಳು ಕಾಲಿನ ಎರಡೂ ಪಕ್ಕದಲ್ಲಿ ಇವೆರಡೂ ಸರಿಯಾಗಿ ಕೂತ್ವು, ಆ ಒಂದು ಮುಕ್ಕಾಲು ಗಂಟೆ ಅಂತರಕ್ಕೆ ಬಹುಪಾಲು ಕಾರಣ ಗಾಳಿ.

ಟಿಕೆಟ್ ಪಕ್ಕದಲ್ಲಿ ಚಿಕ್ಕದಾಗಿ ಪ್ಲಸ್ ಒಂದು, ಪ್ಲಸ್ ಎರಡು ಅಂತ ಇರತ್ತೆ, ಅಂದ್ರೆ ಮಾರನೇ ದಿನ, ಅದರ ಮಾರನೇ ದಿನ ಇಳೀತೀರಿ ಅಂತ. ಏರ್‌ಪೋರ್ಟ್‌ಗೆ ಕರ್ಕೊಂಡು ಬರೋಕೆ ಹೋಗೋರು ಇದನ್ನ ನೋಡ್ಲೇಬೇಕು. ಇನ್ನೊಂದು, ರಾತ್ರಿ 12 ದಾಟಿದ ವಿಮಾನಗಳು. ಬೆಂಗಳೂರಿಂದ ಹೊರದೇಶಕ್ಕೆ ಹೋಗೋ ಎಷ್ಟೋ ವಿಮಾನಗಳು ರಾತ್ರಿ ಒಂದು ಎರಡು ಮೂರು ಗಂಟೆಗೆ ಹೊರಡ್ತವೆ. ಟಿಕೆಟ್‌ನಲ್ಲಿ 15ನೇ ತಾರೀಖು 02:50 ಅಂತಿದ್ರೆ ನೀವು ಮನೆ ಬಿಡಬೇಕಾದ್ದು 14ನೇ ತಾರೀಖು. ದಯವಿಟ್ಟು ಇದನ್ನ ಕ್ಯಾಲೆಂಡರ್‌ನಲ್ಲಿ 14ರ ಮೇಲೇ ಬರೆದಿಡಿ, "14ರ ರಾತ್ರಿ ಹೊರಡೋದು" ಅಂತ ಕನ್ನಡದಲ್ಲೇ ಬರೆದಿಡಿ, ಫ್ರಿಡ್ಜ್ ಮೇಲೆ ಅಂಟಿಸಿ.

ನೇರವಾ, ನಡುವೆ ಇಳಿದು ಹೋಗೋದಾ

ನೇರ ವಿಮಾನ ಇದ್ರೆ, ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ವಯಸ್ಸಾದವರಿಗೆ ಅದೇ ಒಳ್ಳೇದು ಅಂತ ನನ್ನ ಖಡಾಖಂಡಿತ ಅಭಿಪ್ರಾಯ, ಗೊತ್ತಿಲ್ಲದ ಏರ್‌ಪೋರ್ಟ್‌ನಲ್ಲಿ ಗೇಟ್ ಹುಡುಕ್ಕೊಂಡು ಓಡೋ ಭಯ ಇರಲ್ಲ. ಆದ್ರೆ ಇಷ್ಟು ಉದ್ದದ ನೇರ ವಿಮಾನಗಳು ಶುರು ಆಗ್ತವೆ, ದಿನ ಕಮ್ಮಿ ಮಾಡ್ತಾರೆ, ನಿಲ್ಲಿಸಿಬಿಡ್ತಾರೆ, ಹಾಗಾಗಿ ನೀವು ಹೊರಡೋ ತಿಂಗಳಿಗೆ ಇದೆಯಾ ಅಂತ ಕಂಪನಿ ಸೈಟಲ್ಲೇ ನೋಡಿ, ಹೋದ ವರ್ಷ ಯಾರೋ ಹೋಗಿದ್ರು ಅನ್ನೋದನ್ನ ನಂಬ್ಕೊಂಡು ಕೂರಬೇಡಿ.

ನೇರ ಇಲ್ಲ ಅಂದ್ರೆ ಎಲ್ಲಿ ಇಳಿದು ಹೋಗ್ತೀರಿ ಅನ್ನೋದ್ರ ಮೇಲೆ ದೂರ ಬದಲಾಗತ್ತೆ. ಟೋಕಿಯೋ ನರಿಟಾ ಮೂಲಕ 6,700 ಕೂಡಿಸು 8,230, ಒಟ್ಟು 14,930 ಕಿ.ಮೀ., ಅಂದ್ರೆ ನೇರ ಗೆರೆಗಿಂತ ಬರೀ ಒಂಬೈನೂರು ಚಿಲ್ಲರೆ ಜಾಸ್ತಿ. ದುಬೈ ಮೂಲಕ 15,720. ಫ್ರಾಂಕ್‌ಫರ್ಟ್ ಮೂಲಕ 7,400 ಕೂಡಿಸು 9,150, ಒಟ್ಟು 16,550. ಸಿಂಗಾಪುರ ಮೂಲಕ 16,760. ಆದ್ರೆ ಬರೀ ಕಿಲೋಮೀಟರ್ ನೋಡಿ ಆರಿಸ್ಬೇಡಿ. ದುಬೈ ದಾರೀಲಿ ಮೊದಲು ನಾಲ್ಕು ಗಂಟೆ, ಆಮೇಲೆ ಒಂದೇ ಏಟಿಗೆ ಹದಿನಾರು ಗಂಟೆ, ಸಿಂಗಾಪುರದ್ದೂ ಹತ್ರ ಹತ್ರ ಹಾಗೇ, ಅಂದ್ರೆ ಇಳಿದು ಹತ್ತೋ ಕಷ್ಟವೂ ಉಂಟು, ನೇರ ವಿಮಾನದಷ್ಟೇ ಹೊತ್ತು ಕೂರೋದೂ ಉಂಟು. ಫ್ರಾಂಕ್‌ಫರ್ಟ್ ದಾರೀಲಿ ಒಂಬತ್ತೂ ಮುಕ್ಕಾಲು, ಹನ್ನೊಂದೂವರೆ, ಹತ್ರ ಹತ್ರ ಸಮ ಭಾಗ, ಮಂಡಿ ನೋವು ಇರೋರಿಗೆ ನಡುವೆ ಎದ್ದು ಓಡಾಡೋಕೆ ಇದು ಎಷ್ಟೋ ವಾಸಿ. ನನ್ನ ಕೇಳಿದ್ರೆ ಅರವತ್ತೈದು ದಾಟಿದವರಿಗೆ ಟೋಕಿಯೋ ಅಥವಾ ಯೂರೋಪಿನ ದಾರಿ, ಒಟ್ಟು ಹೊತ್ತು ಒಂದೆರಡು ಗಂಟೆ ಜಾಸ್ತಿ ಆದ್ರೂ ಪರವಾಗಿಲ್ಲ.

ಎರಡು ವಿಮಾನದ ನಡುವಿನ ಹೊತ್ತು ಎಷ್ಟಿರಬೇಕು ಅಂದ್ರೆ, ಕಂಪನಿಯವರು ಒಂದು ಗಂಟೆ ಹತ್ತು ನಿಮಿಷ ಇದ್ರೂ ಟಿಕೆಟ್ ಮಾರ್ತಾರೆ. ವಯಸ್ಸಿನ ಮಕ್ಕಳು ಓಡಿ ಹಿಡೀತಾರೆ, ಅಪ್ಪ ಅಮ್ಮನಿಗೆ ಮೂರು ಗಂಟೆ ಇರಲಿ. ಮತ್ತೆ ಸೆಕ್ಯೂರಿಟಿ ಲೈನ್, ಟರ್ಮಿನಲ್ ಬದಲಾಯಿಸೋ ಟ್ರೇನು, ಬಾತ್‌ರೂಮು, ಒಂದು ಕಾಫಿ, ಮೂರು ಗಂಟೆ ಹೇಗೆ ಹೋಯ್ತು ಅಂತ ಗೊತ್ತಾಗಲ್ಲ. ಐದಾರು ಗಂಟೆ ದಾಟಿದ್ರೆ ಮಾತ್ರ ಸುಸ್ತು. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರ್ಲೇಬೇಕು, ಇದು ದುಡ್ಡು ಉಳಿಸೋ ಜಾಗ ಅಲ್ಲ. ಒಂದೇ ಟಿಕೆಟ್ ಆದ್ರೆ ಮೊದಲನೇ ವಿಮಾನ ತಡವಾಗಿ ಎರಡನೇದು ತಪ್ಪಿದ್ರೆ ಮುಂದಿನದಕ್ಕೆ ಕೂರಿಸೋ ಜವಾಬ್ದಾರಿ ಅವರದು, ಬೇರೆ ಬೇರೆ ಟಿಕೆಟ್ ಆದ್ರೆ ಹೊಸ ಟಿಕೆಟ್ ನೀವೇ ತಗೋಬೇಕು. ನಡುವಿನ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕಾ ಅಂತಾನೂ ದುಡ್ಡು ಕಟ್ಟೋ ಮೊದಲೇ ಆ ದೇಶದ ಸರ್ಕಾರಿ ಸೈಟಲ್ಲಿ ನೋಡಿ, ನಿಯಮ ಬದಲಾಗ್ತಾ ಇರತ್ತೆ.

ಅಮೆರಿಕದೊಳಗೇ ಇನ್ನೊಂದು ವಿಮಾನ ಹತ್ತೋದಿದ್ರೆ, ಉದಾಹರಣೆಗೆ ನ್ಯೂಯಾರ್ಕ್‌ಗೆ ಹೋಗಿ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ ಅಂತಿದ್ರೆ, ಇಮಿಗ್ರೇಷನ್ ಆಗೋದು ಮೊದಲು ಇಳಿದ ಊರಲ್ಲೇ. ಪೆಟ್ಟಿಗೆಗಳನ್ನ ಅಲ್ಲೇ ಬೆಲ್ಟ್‌ನಿಂದ ಎತ್ತಿ, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು. ಇಪ್ಪತ್ಮೂರು ಕೆಜಿಯ ನಾಲ್ಕು ಪೆಟ್ಟಿಗೆ ಇಬ್ಬರು ಹಿರಿಯರು ಎತ್ತೋದನ್ನ ಒಂದು ಸಲ ಮನಸ್ಸಲ್ಲಿ ನೆನೆಸ್ಕೊಂಡು ಆಮೇಲೆ ಟಿಕೆಟ್ ಮಾಡಿ. ಅಬುಧಾಬಿಯಂಥ ಕೆಲವು ಏರ್‌ಪೋರ್ಟ್‌ಗಳಲ್ಲಿ ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಸಿ ಕಳಿಸೋ ವ್ಯವಸ್ಥೆ ಇದೆ, ಆ ಕಡೆಯಿಂದ ಹೋಗೋದಾದ್ರೆ ಅಲ್ಲಿ ಜಾಸ್ತಿ ಹೊತ್ತು ಇಟ್ಕೊಳ್ಳಿ.

ಮನೆಯಿಂದ ಮನೆಗೆ

ಈಗ ಮುಖ್ಯ ಲೆಕ್ಕ. ಇದಕ್ಕೆ ಒಂದೇ ಒಂದು ನಿಯಮ: ಪೂರ್ತಿ ಲೆಕ್ಕ ಭಾರತದ ಟೈಮಲ್ಲೇ ಹಾಕಿ, ಕೊನೇಲಿ ಒಂದೇ ಸಲ ಅಲ್ಲಿನ ಟೈಮ್‌ಗೆ ಬದಲಾಯಿಸಿ. ನಡುನಡುವೆ ಜರ್ಮನಿ ಟೈಮು, ಅಮೆರಿಕ ಟೈಮು ಅಂತ ತಂದ್ರೆ ತಲೆ ಕೆಡತ್ತೆ.

ಚಳಿಗಾಲದ ಒಂದು ಶನಿವಾರ ಮೈಸೂರಿಂದ ಹೊರಡೋರನ್ನ ತಗೊಳ್ಳಿ, ಫ್ರಾಂಕ್‌ಫರ್ಟ್ ದಾರಿ. ಸಂಜೆ 5ಕ್ಕೆ ಮನೆ ಬಿಡ್ತಾರೆ, ಬಸ್ ಸ್ಟ್ಯಾಂಡ್ ಸೇರೋಕೆ ಅರ್ಧ ಗಂಟೆ. ಕೆಎಸ್‌ಆರ್‌ಟಿಸಿ ಫ್ಲೈಬಸ್ ಮೈಸೂರಿಂದ ಸೀದಾ ಏರ್‌ಪೋರ್ಟ್‌ಗೇ ಹೋಗತ್ತೆ, ಪೆಟ್ಟಿಗೆ ಇಳಿಸಿ ಹತ್ತಿಸೋ ತಾಪತ್ರಯ ಇಲ್ಲ, ಐದು ಗಂಟೆ ಇಟ್ಕೊಳ್ಳಿ, ಬೆಂಗಳೂರು ಟ್ರಾಫಿಕ್ ಮೇಲೆ ಭರವಸೆ ಬೇಡ. ರಾತ್ರಿ 10:30ಕ್ಕೆ ಟರ್ಮಿನಲ್ 2. ವಿಮಾನ ಬೆಳಗಿನ ಜಾವ 3ಕ್ಕೆ, ನಾಲ್ಕೂವರೆ ಗಂಟೆ ಮೊದಲೇ ಬಂದಿದೀವಿ, ಮೂರು ಗಂಟೆ ಮೊದಲು ಇರ್ಲೇಬೇಕು, ಉಳಿದದ್ದು ದಾರೀಲಿ ಏನಾದ್ರೂ ಆದ್ರೆ ಅಂತ. ಇಲ್ಲಿಗೇ ಹತ್ತು ಗಂಟೆ ಆಯ್ತು, ವಿಮಾನ ಇನ್ನೂ ನೆಲ ಬಿಟ್ಟಿಲ್ಲ! ಆಮೇಲೆ ಒಂಬತ್ತೂ ಮುಕ್ಕಾಲು ಗಂಟೆ ಹಾರಾಟ, ಮೂರು ಗಂಟೆ ಫ್ರಾಂಕ್‌ಫರ್ಟ್‌ನಲ್ಲಿ, ಹನ್ನೊಂದೂವರೆ ಗಂಟೆ ಮತ್ತೆ ಹಾರಾಟ, ಇಳಿದ ಮೇಲೆ ಇಮಿಗ್ರೇಷನ್ ಸಾಲು, ಬೆಲ್ಟ್, ಕಸ್ಟಮ್ಸ್ ಎಲ್ಲ ಸೇರಿ ಎರಡು ಗಂಟೆ, ಅಲ್ಲಿಂದ ಸನ್ನಿವೇಲ್‌ಗೆ ಕಾರಲ್ಲಿ ಮುಕ್ಕಾಲು ಗಂಟೆ.

ಕೂಡಿಸಿ ನೋಡಿ, 37 ಗಂಟೆ. ಶನಿವಾರ ಸಂಜೆ 5ಕ್ಕೆ 37 ಸೇರಿಸಿದ್ರೆ ಭಾರತದಲ್ಲಿ ಸೋಮವಾರ ಬೆಳಗ್ಗೆ 6. ಈಗ ಹದಿಮೂರೂವರೆ ಕಳೀರಿ, ಸನ್ನಿವೇಲ್‌ನಲ್ಲಿ ಭಾನುವಾರ ಸಂಜೆ ನಾಲ್ಕೂವರೆ. ಟಿಕೆಟ್ ಸೈಟ್ ಇದೇ ಪ್ರಯಾಣಕ್ಕೆ 24 ಗಂಟೆ 15 ನಿಮಿಷ ಅಂತ ತೋರಿಸಿರತ್ತೆ. ಆ ಹನ್ನೆರಡೂ ಮುಕ್ಕಾಲು ಗಂಟೆ ವ್ಯತ್ಯಾಸದಲ್ಲೇ ಊಟ ತಪ್ಪೋದು, ಮಾತ್ರೆ ತಪ್ಪೋದು, ನಿದ್ದೆ ಇಲ್ಲದೆ ತಲೆ ಸುತ್ತೋದು ಎಲ್ಲ ಆಗೋದು. ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿಯಿಂದ ಹೊರಡೋರಾದ್ರೆ ಇನ್ನೂ ಜಾಸ್ತಿ, ಅವರು ಆದ್ರೆ ಒಂದು ದಿನ ಮೊದಲೇ ಬೆಂಗಳೂರಿಗೆ ಬಂದು ನೆಂಟರ ಮನೇಲಿ ಮಲಗಿ ಎದ್ದು ಹೋಗೋದು ಒಳ್ಳೇದು.

ಈ 37 ಗಂಟೆ ಕೈಲಿದ್ರೆ ಉಳಿದ ತಯಾರಿ ಸುಲಭ. ಬಿಪಿ, ಶುಗರ್ ಮಾತ್ರೆ ಎರಡು ದಿನಕ್ಕೆ ಆಗೋಷ್ಟು ಕೈಚೀಲದಲ್ಲೇ ಇರಲಿ, ಉಳಿದದ್ದೂ ಆದಷ್ಟು ಕೈಚೀಲದಲ್ಲೇ, ಜೊತೆಗೆ ಡಾಕ್ಟರ್ ಚೀಟಿ. ಇನ್ಸುಲಿನ್ ತಗೊಳ್ಳೋರು ಈ ಗಂಟೆಗಳ ಪಟ್ಟಿಯನ್ನೇ ಡಾಕ್ಟರ್ ಮುಂದೆ ಇಟ್ಟು ಯಾವ ಡೋಸ್ ಯಾವಾಗ ಅಂತ ಬರೆಸ್ಕೊಳ್ಳಿ, ನಮ್ಮಷ್ಟಕ್ಕೆ ನಾವೇ ಹನ್ನೆರಡು ಗಂಟೆ ತಿರುಗಿಸಿ ತಗೊಳ್ಳೋ ವಿಷಯ ಅಲ್ಲ ಅದು. ವೀಲ್‌ಚೇರ್ ಬೇಕಾದ್ರೆ ಟಿಕೆಟ್ ಮಾಡುವಾಗಲೇ ಹೇಳಿ, ನಡೆಯೋಕೆ ಆಗತ್ತೆ ಆದ್ರೆ ತುಂಬಾ ದೂರ ಆಗಲ್ಲ ಅನ್ನೋರಿಗೂ ಕೊಡ್ತಾರೆ, ಸಂಕೋಚ ಬೇಡ. ವಿಮಾನದಲ್ಲಿ ಎಚ್ಚರ ಇದ್ದಾಗ ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ, ನೀರು ಕುಡೀತಾ ಇರಿ, ಬಾತ್‌ರೂಮ್‌ಗೆ ಏಳಬೇಕಾಗತ್ತೆ ಅಂತ ನೀರೇ ಕುಡಿಯದೆ ಕೂರೋ ಅಮ್ಮಂದಿರಿಗೆ ಇದನ್ನ ಎರಡು ಸಲ ಹೇಳಿ. ಕೂತಲ್ಲೇ ಕೂತ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ನಿಜವಾಗ್ಲೂ ಇದೆ.

ಹೋದ ಮೇಲೆ ಹಗಲು ರಾತ್ರಿ ಅದಲು ಬದಲಾಗಿರತ್ತೆ. ದೇಹ ಸಾಮಾನ್ಯವಾಗಿ ದಿನಕ್ಕೆ ಒಂದು ಗಂಟೆ ಲೆಕ್ಕದಲ್ಲಿ ಹೊಂದ್ಕೊಳ್ಳತ್ತೆ ಅಂತಾರೆ, ಹಾಗಾಗಿ ಹದಿಮೂರೂವರೆ ಗಂಟೆ ಅಂತರಕ್ಕೆ ವಾರದ ಮೇಲೇ ಬೇಕು, ಮೊದಲ ವಾರ ಊರು ಸುತ್ತಿಸೋ ಪ್ಲ್ಯಾನ್ ಇಟ್ಕೋಬೇಡಿ, ಬೆಳಗಿನ ಬಿಸಿಲಲ್ಲಿ ವಾಕಿಂಗ್ ಕರ್ಕೊಂಡು ಹೋಗಿ ಸಾಕು.

ಇಲ್ಲಿ ಮನೇಲಿ ಉಳಿಯೋರಿಗೆ ಒಂದು ಮಾತು. ಫ್ಲೈಟ್‌ರಾಡಾರ್24 ಥರದ ಆ್ಯಪ್‌ನಲ್ಲಿ ವಿಮಾನದ ನಂಬರ್ ಹಾಕಿದ್ರೆ ಎಲ್ಲಿದೆ ಅಂತ ಕಾಣತ್ತೆ. ದೊಡ್ಡ ಸಮುದ್ರ, ಧ್ರುವದ ಕಡೆ ಹೋದಾಗ ಕೆಳಗೆ ಸಿಗ್ನಲ್ ಹಿಡಿಯೋ ಕೇಂದ್ರ ಇಲ್ಲದೆ ಚುಕ್ಕೆ ಮಾಯ ಆಗಬಹುದು ಅಥವಾ ಅಂದಾಜಿನ ಜಾಗದಲ್ಲಿ ತೋರಿಸಬಹುದು, ಅದಕ್ಕೆ ಹೆದರಬೇಡಿ, ಅಲಾಸ್ಕಾ ಅಥವಾ ಕೆನಡಾ ಹತ್ರ ಬಂದಾಗ ಮತ್ತೆ ಬರತ್ತೆ. ಇಳಿಯಿತು ಅಂತ ತೋರಿಸಿದ ತಕ್ಷಣ ಫೋನ್ ಬರಲ್ಲ, ನಮ್ಮ ಸಿಮ್‌ಗೆ ರೋಮಿಂಗ್ ಇರದೇ ಇರಬಹುದು, ಇಮಿಗ್ರೇಷನ್ ಸಾಲಲ್ಲಿ ಫೋನ್ ಬಳಸೋಕೂ ಬಿಡಲ್ಲ. ಎರಡು ಗಂಟೆ ಕಾಯಿರಿ. ಕರ್ಕೊಂಡು ಹೋಗೋಕೆ ಬಂದ ಮಗನಿಗೋ ಮಗಳಿಗೋ ಮೊದಲೇ ಹೇಳಿಟ್ಟಿರಿ, ಅಪ್ಪ ಅಮ್ಮ ಹೊರಗೆ ಬಂದು ಕಣ್ಣಿಗೆ ಬಿದ್ದ ಕೂಡ್ಲೇ, ಪೆಟ್ಟಿಗೆ ಕಾರಿಗೆ ಹಾಕೋದಕ್ಕೂ ಮೊದಲು, ಮನೆ ಗ್ರೂಪ್‌ಗೆ ಒಂದು ಫೋಟೋ ಹಾಕಪ್ಪ ಅಂತ.